ಕರಡು ಅಧಿಸೂಚನೆ ನಮ್ಮ ತೋಟವನ್ನು ಮುಟ್ಟುತ್ತದೆಯೇ?

ಕಾನುಮನೆ, ಹೊಸನಗರ: ಪಶ್ಚಿಮ ಘಟ್ಟದ ಬಗ್ಗೆ ಕೇಂದ್ರ ಸರ್ಕಾರ 2024ರ ಜುಲೈ 31ರಂದು ಆರನೆಯ ಕರಡು ಹೊರಡಿಸಿತು. ಕರ್ನಾಟಕದ 20,668 ಚದರ ಕಿ.ಮೀ. ಪರಿಸರ ಸೂಕ್ಷ್ಮ ಪ್ರದೇಶವೆಂದು ಅದರಲ್ಲಿದೆ. ಸೆಪ್ಟೆಂಬರ್‌ನಲ್ಲಿ ನಮ್ಮ ಸಚಿವ ಸಂಪುಟ ಈ ಕರಡಿಗೆ ಆಧಾರವಾದ ಕಸ್ತೂರಿರಂಗನ್ ವರದಿಯನ್ನೇ ತಿರಸ್ಕರಿಸಿತು, ಊರೆಲ್ಲ ನಿಟ್ಟುಸಿರು ಬಿಟ್ಟಿತು. ಕರಡನ್ನು ಓದಿದವರು ಎಷ್ಟು ಮಂದಿ? ಅದು ತಡೆಯುವುದು ಗಣಿ, ಕಲ್ಲು ಕ್ವಾರಿ, ಮರಳು ತೆಗೆಯುವುದು, ಕೆಂಪು ವರ್ಗದ (ಹೆಚ್ಚು ಮಾಲಿನ್ಯದ) ಕಾರ್ಖಾನೆ, 20,000 ಚದರ ಮೀಟರ್ ಮೀರಿದ ಕಟ್ಟಡ. ನನ್ನ ಎರಡು ಎಕರೆ ಅಡಿಕೆಗೆ ಅದರಿಂದ ಏನಾಗುತ್ತದೆ, ಹೇಳಿ.

ಬೆಳೆಗಾರ, ತೀರ್ಥಹಳ್ಳಿ: "ಓದಿದವರು ಎಷ್ಟು ಮಂದಿ" ಎನ್ನುತ್ತೀರಿ. ನಾನು ಓದಿದ್ದೇನೆ. ಊರಿನ ಶೇ 20ರಷ್ಟು ಜಾಗ ನೈಸರ್ಗಿಕ ಎಂದು ಉಪಗ್ರಹ ಚಿತ್ರದಲ್ಲಿ ಕಂಡರೆ ಇಡೀ ಊರೇ ಸೂಕ್ಷ್ಮ ಪ್ರದೇಶ. ರಾಜ್ಯದ 1,576 ಹಳ್ಳಿಗಳು ಪಟ್ಟಿಗೆ ಬಿದ್ದದ್ದು ಹಾಗೆ. ನಮ್ಮ ಹಿರಿಯರು ಸೊಪ್ಪಿನಬೆಟ್ಟವನ್ನು, ಅಂದರೆ ಕೊಟ್ಟಿಗೆಗೂ ತೋಟಕ್ಕೂ ಸೊಪ್ಪು ತರುವ ಕಾಡುಗುಡ್ಡವನ್ನು, ಜೋಪಾನವಾಗಿ ಉಳಿಸಿದರು. ಅದಕ್ಕೆ ನಮಗೆ ಶಿಕ್ಷೆಯೇ?

ಸೊರಬದವ: ಜೋಪಾನವಾಗಿ ಉಳಿಸಿದರೇ? ನಾನು ಕಂಡ ಬೆಟ್ಟಗಳಲ್ಲಿ ಮತ್ತಿ, ನಂದಿ, ಹೊನ್ನೆ ಮರಗಳು ತುದಿಯಲ್ಲಿ ನಾಲ್ಕು ಎಲೆ ಇಟ್ಟುಕೊಂಡು ಕಂಬಗಳಂತೆ ನಿಂತಿವೆ. ಉದುರಿದ ಒಣ ಎಲೆಯ ದರಕನ್ನೂ ಗುಡಿಸಿ ಒಯ್ದ ಮೇಲೆ ಬೀಜ ಬಿದ್ದರೂ ಹುಟ್ಟುವುದೆಲ್ಲಿ?

ಬೆಳೆಗಾರ, ತೀರ್ಥಹಳ್ಳಿ: ಕಂಬವಂತೆ! ನನ್ನ ಬೆಟ್ಟದಲ್ಲಿ ವಾಟೆ ಇದೆ, ಉಪ್ಪಾಗೆ ಇದೆ, ನೇರಳೆ ಇದೆ. ಕಾಡು ಹಾಳು ಮಾಡಿದವರು ಭದ್ರಾವತಿಯ ಕಾಗದ ಕಾರ್ಖಾನೆಗೆಂದು ಅಕೇಶಿಯಾ ನೆಟ್ಟವರು. ಕಾರ್ಖಾನೆ ಮುಚ್ಚಿತು, 2020ರಲ್ಲಿ ಆ ನೆಡುತೋಪಿನ ಜಾಗದ ಗುತ್ತಿಗೆ ಮಾತ್ರ ನವೀಕರಣವಾಯಿತು. ಅದನ್ನು ಕೇಳುವ ಧೈರ್ಯ ನಿಮಗಿಲ್ಲ.

ಸೊರಬದವ: ಅಕೇಶಿಯಾ ವಿರುದ್ಧ ನಾನೂ ಸಹಿ ಹಾಕಿದ್ದೇನೆ. ನಾನು ಕೇಳಿದ್ದು ಸೊಪ್ಪಿನ ವಿಷಯ. ಈಗ ನಿಮ್ಮ ಊರಿನಲ್ಲಿ ಎಷ್ಟು ಮನೆಗಳ ಕೊಟ್ಟಿಗೆಯಲ್ಲಿ ದನಗಳಿವೆ? ದನವಿಲ್ಲದ ಮನೆಗೆ ಒಂದೊಂದು ಬೆಟ್ಟ ಏಕೆ?

ಬೆಳೆಗಾರ, ತೀರ್ಥಹಳ್ಳಿ: ನನ್ನ ಕೊಟ್ಟಿಗೆಯ ಲೆಕ್ಕ ಕೇಳಲು ನೀವು ಯಾರು? ತೋಟದ ಬುಡಕ್ಕೆ ಮುಚ್ಚಿಗೆ ಹಾಕಲು ನಿಮ್ಮ ಮನೆಯಿಂದ ಸೊಪ್ಪು ತರುತ್ತೀರಾ?

ಘಟ್ಟದ ಹುಡುಗ, ಬೆಂಗಳೂರು: ಸೊಪ್ಪಿನ ಜಗಳ ಸಾಕು. ಕರಡು ಬಂದದ್ದು ವಯನಾಡು ಕುಸಿದ ಮರುದಿನ. ಅದಕ್ಕೆ ಎರಡು ವಾರ ಮೊದಲು ಅಂಕೋಲಾದ ಶಿರೂರು. ಇನ್ನೂ ಎಷ್ಟು ಗುಡ್ಡ ಜಾರಬೇಕು?

ಬೆಳೆಗಾರ, ತೀರ್ಥಹಳ್ಳಿ: ಶಿರೂರಿನ ಗುಡ್ಡವನ್ನು ಕಡಿದದ್ದು ಹೆದ್ದಾರಿಗೆ, ಅಡಿಕೆಗಲ್ಲ. ಬೆಂಗಳೂರಿನಲ್ಲಿ ಕುಳಿತವರು ನಮಗೆ ಬೋರ್ಡೋ (ಮೈಲುತುತ್ತ, ಸುಣ್ಣದ ಔಷಧಿ) ಹೊಡೆಯಬೇಡಿ ಎನ್ನುತ್ತೀರಿ. ಕೊಳೆ ರೋಗ ಬಂದರೆ ಫಸಲು ಕಳೆದುಕೊಳ್ಳುವವನು ನಾನು.

ಕಾನುಮನೆ, ಹೊಸನಗರ: ಬೋರ್ಡೋ ಮಾತು ಇಲ್ಲಿ ಯಾರೂ ಎತ್ತಲಿಲ್ಲ. ರಾಸಾಯನಿಕ ಕೀಟನಾಶಕವನ್ನು ಹಂತ ಹಂತವಾಗಿ ಬಿಡಬೇಕೆಂದದ್ದು ಘಟ್ಟದ ಬಗ್ಗೆ ಮೊದಲು ಬಂದ 2011ರ ಗಾಡ್ಗೀಳ್ ವರದಿ. ಈ ಕರಡಿನಲ್ಲಿ ಅದಿಲ್ಲ. ಎರಡನ್ನೂ ಕಲಸಿ ಜನರನ್ನು ಹೆದರಿಸಬೇಡಿ.

ಬೆಳೆಗಾರ, ತೀರ್ಥಹಳ್ಳಿ: ಇವತ್ತು ಇಲ್ಲ, ನಾಳೆ ಸೇರಿಸುತ್ತಾರೆ. ಅರಣ್ಯ ಇಲಾಖೆಯ ಮಾತನ್ನು ನಂಬಿ ಕೆಟ್ಟವರನ್ನು ನಾನು ನೋಡಿದ್ದೇನೆ.

ಶರಾವತಿ ಹಿನ್ನೀರು, ಸಾಗರ: ನಂಬಿ ಕೆಟ್ಟವರು ನಾವು. 1964ರಲ್ಲಿ ಲಿಂಗನಮಕ್ಕಿ ತುಂಬಿತು, ನಮ್ಮ ಅಜ್ಜನ ಗದ್ದೆ ಅದರ ತಳದಲ್ಲಿದೆ. ನಮ್ಮನ್ನು ತಂದು ಬಿಟ್ಟದ್ದು ಕಾಡಿನಲ್ಲಿ. ಬುಡಕಟ್ಟಿನವರಲ್ಲದ ನಮಗೆ ಅರಣ್ಯ ಹಕ್ಕು ಕಾಯ್ದೆ 75 ವರ್ಷಗಳ ದಾಖಲೆ ಕೇಳುತ್ತದೆ, ಅದೂ 2005ಕ್ಕಿಂತ ಹಿಂದಿನದು. ಎಲ್ಲಿಂದ ತರಲಿ? ಅದೇ ಶರಾವತಿ ಕಣಿವೆಯಲ್ಲಿ, ಸಿಂಗಳೀಕದ ಅಭಯಾರಣ್ಯದೊಳಗೆ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ, ಅಂದರೆ ಸುರಂಗದಲ್ಲಿ ನೀರನ್ನು ಮೇಲಕ್ಕೆತ್ತಿ ಮತ್ತೆ ಕೆಳಗೆ ಬಿಟ್ಟು ವಿದ್ಯುತ್ ಮಾಡುವುದು, ತರಲು ಹೊರಟಿದ್ದಾರೆ. ನೀವು ಮೆಚ್ಚುವ ಕರಡು ಜಲವಿದ್ಯುತ್ತಿಗೆ ಷರತ್ತು ಹಾಕಿ ಬಾಗಿಲು ತೆರೆದೇ ಇಟ್ಟಿದೆ. ನಮ್ಮ ಗುಡಿಸಲಿಗೆ ಒಂದು ಕಾನೂನು, ಸುರಂಗಕ್ಕೆ ಇನ್ನೊಂದು!

ಘಟ್ಟದ ಹುಡುಗ, ಬೆಂಗಳೂರು: ಷರತ್ತು ಇದೆ ಎಂದು ನೀವೇ ಒಪ್ಪಿದಿರಿ. ಕರಡೇ ಇಲ್ಲದಿದ್ದರೆ ಆ ಷರತ್ತೂ ಇರುವುದಿಲ್ಲ.

ಕಾನುಮನೆ, ಹೊಸನಗರ: ಜಲವಿದ್ಯುತ್ ಮಾತು ನಿಜ, ಅಕ್ಕಾ. ಅಲ್ಲಿ ಕರಡು ದುರ್ಬಲವಾಗಿದೆ. ಆದರೆ ಕ್ವಾರಿ ನಿಲ್ಲುವುದಾದರೆ ನನಗೆ ಅಷ್ಟಾದರೂ ಬೇಕು. ನಮ್ಮ ಮನೆಯ ಹಿಂದಿನ ಗುಡ್ಡದಲ್ಲಿ ಸ್ಫೋಟವಾದಾಗ ಗೋಡೆ ಬಿರುಕು ಬಿಟ್ಟಿದೆ.

ಸೊರಬದವ: ಬೆಳೆಗಾರರು ಕೊಟ್ಟಿಗೆಯ ಪ್ರಶ್ನೆಗೆ ಇನ್ನೂ ಉತ್ತರಿಸಿಲ್ಲ.

ಶರಾವತಿ ಹಿನ್ನೀರು, ಸಾಗರ: 75 ವರ್ಷಗಳ ದಾಖಲೆಯ ಬಗ್ಗೆಯೂ ಯಾರೂ ಉತ್ತರಿಸಿಲ್ಲ.

ಬೆಳೆಗಾರ, ತೀರ್ಥಹಳ್ಳಿ: ಎರಡು ಹಸು, ಒಂದು ಕರು. ಬರೆದುಕೊಳ್ಳಿ. ಬೆಟ್ಟ ಮಾತ್ರ ನಮ್ಮದೇ.