ಹಿನ್ನೀರಾಗ ಸಿಕ್ಕ ಕೊಕ್ಕಿ

(ಕೊಪ್ಪಳದ ಒಂದು ಹೈಸ್ಕೂಲಿನ 1994ರ ಬ್ಯಾಚ್ ವಾಟ್ಸಾಪ್ ಗುಂಪು. ನಡುವೆ ಬಂದ ಗುಡ್ ಮಾರ್ನಿಂಗ್ ಹೂವು, ಹುಟ್ಟುಹಬ್ಬದ ಕೇಕು ತೆಗೆದು ಉಳಿದದ್ದು ಇಷ್ಟು.)

ಮಂಜು: (ಫೋಟೊ) ನಿನ್ನೆ ಮುನಿರಾಬಾದ್ ಕಡೆ ತುಂಗಭದ್ರಾ ಡ್ಯಾಮಿನ ಹಿನ್ನೀರಿಗೆ ಹೋಗಿದ್ವಿ. ನೀರು ಬಾಳ ದೂರ ಸರಿದೈತಿ, ಕೆಸರೆಲ್ಲ ಒಣಗಿ ಬಿರುಕು ಬಿಟ್ಟೈತಿ. ಕಲ್ಲು ಕಟ್ಟಿದ ಹಳೇ ಬಾವಿದು ಬಾಯಿ ಕಾಣಾಕತ್ತಿತ್ತು, ಅದರ ಹತ್ರನ ಇದು ಬಿದ್ದಿತ್ತು. ಕಬ್ಬಣದ್ದು. ಏನಿದು, ಯಾರಿಗರ ಗೊತ್ತೈತೇನು?

ವೀರೇಶ: ಕೃಷ್ಣದೇವರಾಯನ ಕಾಲದ ಆಯುಧ ಇದ್ದಂಗ ಐತಿ. ಆನೆಗೊಂದಿ ಏನು ಬಾಳ ದೂರ ಐತೇನು ಅಲ್ಲಿಂದ? ಯಾರಿಗೂ ತೋರಿಸಬ್ಯಾಡ, ಲಕ್ಷಗಟ್ಲೆ ಬರತೈತಿ.

ಹುಸೇನಿ ಗ್ಯಾರೇಜ್: ಯಾರಿಗೂ ತೋರಿಸಬ್ಯಾಡ ಅಂತ 63 ಮಂದಿ ಇರೋ ಗ್ರೂಪಿನಾಗ ಹೇಳಾಕತ್ತಾನ ನೋಡ್ರಿ.

ಬಸು ಅಡ್ಮಿನ್: ಲೇ, ಇದು ಹೆಣ ಎತ್ತೋ ಕೊಕ್ಕಿ. ನೀರಾಗ ಮುಳುಗಿದವ್ರನ್ನ ಹುಡುಕಾಕ ಇಂಥದ್ದನ್ನ ಹಗ್ಗಕ್ಕ ಕಟ್ಟಿ ಎಳೀತಾರ. ನಾನ ಕಣ್ಣಾರೆ ನೋಡೀನಿ.

ಮಂಜು: ಅಡ್ಮಿನ್ ಸಾಹೇಬ್ರ, ನಿಮ್ಮ ಮೆಸೇಜು ನಮ್ಮಾಕಿ ಓದಿದ್ಲು. ತೊಳೆದು ಅಡುಗಿಮನಿ ಕಟ್ಟಿ ಮ್ಯಾಲೆ ಇಟ್ಟಿದ್ದೆ, ಈಗ ಅದು ಕಾಂಪೌಂಡಿನ ಹೊರಗ ಐತಿ. ನಾನೂ ಸ್ನಾನ ಮಾಡೇ ಒಳಗ ಬರಬೇಕಂತ.

ಯಮನೂರ: ಹೆಣದ್ದೂ ಅಲ್ಲ, ರಾಯನದ್ದೂ ಅಲ್ಲ. ಮೀನು ಹಿಡಿಯೋ ಬಲಿ ಹುಡುಕೋ ಕೊಕ್ಕಿ. ನಮ್ಮಪ್ಪ ಜೀವಮಾನ ಪೂರ್ತಿ ಇದೇ ಡ್ಯಾಮಿನಾಗ ಬಲಿ ಹಾಕ್ಯಾನ. ಸಂಜಿಮುಂದ ಬಲಿ ಬಿಟ್ಟು ಬಂದಿರತಾರ, ರಾತ್ರಿ ಗಾಳಿ ಎದ್ದು ಬೆಂಡು ಹರಕೊಂಡು ಹೋತಂದ್ರ ಬಲಿ ತಳಕ್ಕ ಕುಂತ್ಬಿಡತೈತಿ. ಆಮ್ಯಾಲೆ ಹರಗೋಲದಾಗ ಕುಂತು, ಹಗ್ಗಕ್ಕ ಕೊಕ್ಕಿ ಕಟ್ಟಿ ತಳ ಕೆದರಕೊಂತ ಹೋಗಬೇಕು. ಬಲಿ ಸಿಕ್ತಂದ್ರ ಕೈಗೆ ಭಾರ ಗೊತ್ತಾಗತೈತಿ.

ರೇಣುಕಾ: ಮಂಜು, ಹತ್ರದಿಂದ ಇನ್ನೊಂದು ಫೋಟೊ ಹಾಕು. ಪಕ್ಕಕ್ಕ ಬೆಂಕಿಪೊಟ್ಟಣ ಇಡು, ಅಳತಿ ಗೊತ್ತಾಗಲಿ. ಕೊಕ್ಕಿ ತುದಿ ಕಾಣಬೇಕು.

ಮಂಜು: (ಫೋಟೊ) ಬ್ಯಾಟರಿ ಬೆಳಕು ಬಿಟ್ಟು ತಗದೀನಿ. ಮ್ಯಾಲೆ ಒಂದು ದುಂಡನ ಬಳಿ. ಅದಕ್ಕ ನಾಕು ಕೊಂಡಿ, ಒಂದೊಂದಕ್ಕ ಮೂರು ಕೊಕ್ಕಿ. ಒಂದು ಕೊಂಡ್ಯಾಗ ಮಾತ್ರ ಎರಡ ಉಳದಾವ. ಎರಡು ಕೊಂಡಿ ತುಕ್ಕಿಗೆ ಅಂಟಿಕೊಂಡಾವ, ಉಳದವು ಇನ್ನೂ ಅಲ್ಲಾಡತಾವ. ಕೊಕ್ಕಿ ತುದಿ ಮೊಂಡ, ಹಿಂದ ಮುಳ್ಳಿಲ್ಲ. ಬಳಿ ಒಳಗಡೆ ಕೊಂಡಿ ತಿಕ್ಕಿ ತಿಕ್ಕಿ ಸವದು ತೆಳ್ಳಗಾಗೈತಿ.

ರೇಣುಕಾ: ಹಂಗಾದ್ರ ಇದು ಪಾತಾಳಗರಡಿ. ಮರತ್ರೇನು ಎಲ್ಲಾರೂ? ಸೇದೋ ಬಾವ್ಯಾಗ ಹಗ್ಗ ಹರದು ಕೊಡ ಬಿತ್ತಂದ್ರ ಇದನ್ನ ಇಳಿಬಿಟ್ಟು ತಳದಾಗ ಆಡಿಸ್ತಿದ್ರು. ಕೊಡ ಮಕಾಡೆ ಬಿದ್ದೈತೋ, ಅಡ್ಡ ಬಿದ್ದೈತೋ, ಕೆಸರಾಗ ಅರ್ಧ ಹೂತೈತೋ, ಮ್ಯಾಲಿಂದ ಕಾಣಂಗಿಲ್ಲ. ಅದಕ್ಕ ಕೊಕ್ಕಿ ಸಡಲ ಇರಬೇಕು, ಎಲ್ಲಾ ದಿಕ್ಕಿಗೂ ತಿರಗಬೇಕು. ಯಾವುದರ ಒಂದು ಕೊಡದ ಕಂಠಕ್ಕೋ ಬಕೀಟಿನ ಹಿಡಿಕಿಗೋ ಸಿಗತೈತಿ. ತುದಿ ಮೊಂಡ ಯಾಕಂದ್ರ ತಾಮ್ರದ ಕೊಡ ತೂತು ಬೀಳಬಾರದು. ನಮ್ಮ ಓಣಿಗೆಲ್ಲ ಒಂದ ಇತ್ತು. ಒಯ್ಯೋರು ತಂಬಿಗಿ ಅಡವಿಟ್ಟು ಒಯ್ಬೇಕು, ಇಲ್ಲಂದ್ರ ಅದು ತಿರುಗಿ ಮನಿ ಕಾಣತಿರಲಿಲ್ಲ.

ಯಮನೂರ: ಕೊಡಕ್ಕ ಸಿಗೋದು ಬಲಿಗೆ ಸಿಗಂಗಿಲ್ಲೇನು?

ರೇಣುಕಾ: ಸಿಗತೈತಿ. ಬಿಡಿಸೋದು ಹೆಂಗ? ಹನ್ನೊಂದು ಕೊಕ್ಕಿ, ಅದೂ ಓಲಾಡೋವು, ಮ್ಯಾಲೆ ನೈಲಾನ್ ಬಲಿ. ನಿಮ್ಮಪ್ಪನ ಕೊಕ್ಕಿ ಹೆಂಗಿತ್ತು, ಅದನ್ನ ಹೇಳು.

ಯಮನೂರ: ಒಂದ ದಿಂಡು, ನಾಕು ಕಾಲು, ಗಟ್ಟಿ. ಹಂಗಂತ ಎಲ್ಲಾರದೂ ಅದೇ ನಮೂನಿ ಇರಬೇಕೇನು?

ವೀರೇಶ: ದೊಡ್ಡ ಮೀನಿನ ಗಾಳ ಯಾಕಾಗಬಾರದು?

ರೇಣುಕಾ: ಮುಳ್ಳಿಲ್ಲಪಾ. ಮುಳ್ಳಿಲ್ಲದ ಗಾಳದಾಗ ಮೀನು ನಿಲ್ಲತೈತೇನು?

ಶರಣು ಕಾರವಾರ: ಒಂದ್ನಿಮಿಷ. ಮುಳ್ಳಿಲ್ಲದ ಗಾಳ ಐತಿ. (ಫೋಟೊ) ಇದು ಇಲ್ಲಿ ದಂಡ್ಯಾಗ ನನಗ ಸಿಕ್ಕದ್ದು. ಮಳಿಗಾಲದಾಗ ಸಮುದ್ರ ಏನೇನೋ ತಂದು ಒಗೀತೈತಿ: ಬಲಿ ತುಂಡು, ಬೆಂಡು, ಸೀಸದ ಗುಂಡು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗೆಲ್ಲ ಮೀನುಗಾರಿಕಿ ಬಂದ್, ಆವಾಗ ಇಲ್ಲಿ ಮೀನುಗಾರರು ಪುರಸೊತ್ತಿಲೆ ಸಿಗತಾರ, ಏನು ಸಿಕ್ಕರೂ ಅವರಿಗೆ ತೋರಸ್ತೀನಿ. ಇದು ಬೊಂಡಾಸ್ (ಸ್ಕ್ವಿಡ್) ಹಿಡಿಯೋ ಗಾಳ. ನೋಡಾಕ ಸೀಗಡಿ ಇದ್ದಂಗ, ಬಾಲದಾಗ ಸುತ್ತಲೂ ಮ್ಯಾಲೆ ಮುಖ ಮಾಡಿದ ಸೂಜಿ, ಎರಡು ಸಾಲು. ಒಂದಕ್ಕೂ ಮುಳ್ಳಿಲ್ಲ. ಬೊಂಡಾಸ್ ಬಾಯಿಲೆ ಕಚ್ಚೋದಿಲ್ಲ, ಕೈ ಚಾಚಿ ತಬ್ಬತೈತಿ, ಆ ಸೂಜ್ಯಾಗ ಸಿಕ್ಕೊಳ್ಳತೈತಿ. ದಾರ ಸಡಲ ಬಿಟ್ರ ಬಿಡಿಸಿಕೊಂಡು ಹೋಗಿಬಿಡತೈತಿ.

ಯಮನೂರ: ಕೇಳಿದೇನು ರೇಣುಕಾ? ಮುಳ್ಳಿನ ಮಾತು ಅಲ್ಲಿಗೆ ಮುಗೀತು.

ರೇಣುಕಾ: ತುಂಗಭದ್ರಾದಾಗ ಬೊಂಡಾಸ್ ಯಾವಾಗ ಬಂತು? ಇಲ್ಲಿರೋದು ಕಾಟ್ಲಾ, ರೋಹು.

ಹುಸೇನಿ ಗ್ಯಾರೇಜ್: ಮೀನಿನ ಸುದ್ದಿ ನನಗ ಗೊತ್ತಿಲ್ಲ, ಕಬ್ಬಣದ್ದು ಹೇಳ್ತೀನಿ. ಫೋಟೊ ದೊಡ್ಡದು ಮಾಡಿ ನೋಡಿದೆ. ಬಳಿಗೆ ಎಲ್ಲೂ ವೆಲ್ಡಿಂಗ್ ಇಲ್ಲ. ಎರಡೂ ತುದಿ ಬಾಳ ಕಾಸಿ, ಒಂದರ ಮ್ಯಾಲೊಂದು ಇಟ್ಟು ಬಡದಾನ, ಅಲ್ಲಿ ದಪ್ಪ ಐತಿ. ಕುಲಿಮಿ ಕೆಲಸ. ಕೊಕ್ಕಿ ಒಂದಿದ್ದಂಗ ಒಂದಿಲ್ಲ. ಬಲಿ ಹುಡುಕೋ ಕೊಕ್ಕಿ ನನ್ನ ಹತ್ರನ ಮಾಡಿಸಿಕೊಂಡು ಹೋಗ್ಯಾರ, ಮನಿ ಸ್ಲ್ಯಾಬಿಗೆ ಹಾಕೋ ಸರಳು ಬಗ್ಗಿಸಿ ವೆಲ್ಡಿಂಗ್ ಹೊಡೀತೀವಿ. ಆ ಸರಳಿನ ಮ್ಯಾಲೆ ಗೆರಿ ಇರತಾವ. ಇದಕ್ಕ ಗೆರಿ ಇಲ್ಲ.

ರೇಣುಕಾ: ಇದ ಬೇಕಿತ್ತು ನನಗ. ಡ್ಯಾಮಿನ ಕೆಲಸ ಶುರುವಾಗಿದ್ದು 1945ರಾಗ, ನೀರು ನಿಂತಿದ್ದು 1953ರಾಗ. ಬಾವಿ ಇತ್ತಂದ್ರ ಮನಿ ಇದ್ವು, ಮನಿ ಇದ್ವಂದ್ರ ಕೊಡ ಬೀಳ್ತಿದ್ವು. ಊರು ಬಿಡೋವಾಗ ಬಾಗಿಲು ಚೌಕಟ್ಟು, ತೊಲಿ ಕಿತಗೊಂಡು ಹೋಗಿರತಾರ, ಗೂಟಕ್ಕ ಹಾಕಿದ ಇದು ಯಾರ ನೆನಪಿಗೆ ಬರತೈತಿ?

ಯಮನೂರ: ಒಂದು ಮಾತಿಗೆ ಉತ್ತರ ಕೊಡು. ಹೂಳು ತುಂಬಿ ಡ್ಯಾಮು 133 ಟಿಎಂಸಿಯಿಂದ 105ಕ್ಕ ಇಳದೈತಿ ಅಂತ ಎಲ್ಲಾರಿಗೂ ಗೊತ್ತು. 1953ಕ್ಕಿಂತ ಮೊದಲಿನದು ಆಗಿದ್ರ ಹೂಳಿನ ಕೆಳಗ ಇರಬೇಕಿತ್ತು. ಮ್ಯಾಲೆ ಹೆಂಗ ಬಂತು?

ಹುಸೇನಿ ಗ್ಯಾರೇಜ್: ಇದು ಪಾಯಿಂಟು.

ಶರಣು ಕಾರವಾರ: ಹೂಳು ಎಲ್ಲಾ ಕಡೆ ಒಂದ ಸಮ ಕುಂದ್ರಂಗಿಲ್ಲ ದೋಸ್ತ. ದಂಡ್ಯಾಗ ನೀರು ಏರಿಳಿಯೋವಾಗ ಅಲೆ ಬಡದು ಹಗುರ ಮಣ್ಣು ತೊಳಕೊಂಡು ಆಳಕ್ಕ ಹೋಗತೈತಿ, ಭಾರ ಇದ್ದದ್ದು ಇದ್ದಲ್ಲೇ ಉಳೀತೈತಿ. ಸಮುದ್ರದ ದಂಡ್ಯಾಗೂ ಸೀಸದ ಗುಂಡು ಸಿಕ್ರ ಒಂದ ಜಾಗದಾಗ ಹತ್ತಾರು ಸಿಗತಾವ.

ಯಮನೂರ: ಇರಲಿ, ಪಾತಾಳಗರಡಿ ಅಂತನ ಅನ್ನೋಣ. ಡ್ಯಾಮು ತುಂಬಿದ ಮ್ಯಾಲೆ ಅದ ಗರಡಿ ಹರಗೋಲು ಹತ್ತಿಲ್ಲ ಅಂತ ಬರದು ಕೊಡತೀಯೇನು? ಬಡವರು ಕೈಗೆ ಸಿಕ್ಕದ್ದರಾಗ ಕೆಲಸ ಮಾಡತಾರ.

ರೇಣುಕಾ: ಅದನ್ನ ಬರದು ಕೊಡಾಕ ಆಗಂಗಿಲ್ಲ.

ವೀರೇಶ: ಎಲ್ಲಾ ಸರಿ, ರೇಟು ಎಷ್ಟು?

ರೇಣುಕಾ: ನೂರು ವರ್ಷ ದಾಟಿದ್ರ 1972ರ ಕಾಯ್ದಿ ಪ್ರಕಾರ ಪುರಾವಸ್ತು ಆಗಬಹುದು, ಲೈಸೆನ್ಸ್ ಇಲ್ಲದ ಅದರ ವ್ಯಾಪಾರ ಮಾಡಂಗಿಲ್ಲ. ದಾಟಿಲ್ಲಂದ್ರ ಗುಜರಿ ರೇಟು. ಯಾವುದು ಬೇಕು ಆರಿಸಿಕೋ.

ಮಂಜು: ಅಲ್ಲೇ ಇದೂ ಸಿಕ್ಕಿತ್ತು. (ಫೋಟೊ) ಸುಟ್ಟ ಮಣ್ಣಿನ ಬಿಲ್ಲಿ, ನಡುವೆ ತೂತು. ಬಲಿ ಗುಂಡೇನು?

ಯಮನೂರ: ಬೀಸುಬಲಿಗೆ ಮಣ್ಣಿನ ಗುಂಡು ಕಟ್ಟತಿದ್ರು ಅಂತ ನಮ್ಮಜ್ಜ ಹೇಳ್ತಿದ್ದ. ಈಗ ಸೀಸ, ಇಲ್ಲಾ ಕಬ್ಬಣ.

ರೇಣುಕಾ: ನೂಲು ತಗಿಯೋ ಕದರಿನ ಬಿಲ್ಲಿನೂ ಹಿಂಗ ಇರತೈತಿ. ತೂತು ಸರಿಯಾಗಿ ನಡುವೆ ಇದ್ದು ಹಗುರ ಇತ್ತಂದ್ರ ಕದರಿಂದು, ತೂತಿನ ಒಂದ ಬದಿ ದಾರ ತಿಂದು ಸವದಿದ್ರ ಬಲಿದು. ಒಂದ ಫೋಟೊದಾಗ ನಾನು ಹೇಳೋದಿಲ್ಲ. ಆ ಬಾವಿ ಎಲ್ಲೈತಿ ಅಂತ ಲೊಕೇಶನ್ ಬರದಿಡು, ಮತ್ತ ಏನೂ ಅಗಿಯಾಕ ಹೋಗಬ್ಯಾಡ. ಗರಡಿಗೆ ಆ್ಯಸಿಡ್ ಹಚ್ಚಬ್ಯಾಡ, ಇದ್ದದ್ದೂ ಉದುರತೈತಿ. ಒಣ ಬ್ರಶ್ಶಿಲೆ ತಿಕ್ಕಿ ಎಣ್ಣಿ ಸವರು.

ಬಸು ಅಡ್ಮಿನ್: ಹೆಣದ ಮಾತು ವಾಪಸ್ ತಗೊಂಡೀನಿ ಅಂತ ತಂಗಿಗೆ ಹೇಳಪಾ.

ಮಂಜು: ಹೇಳಿದೆ. ಕೊಡ ಎತ್ತೋದಾದ್ರ ಒಳಗ ಬರಲಿ ಅಂದ್ಲು, ಆದ್ರ ಅಡುಗಿಮನ್ಯಾಗ ಬ್ಯಾಡಂತ.

ವೀರೇಶ: ಮಂಜು, ನಮ್ಮ ತ್ವಾಟದ ಬಾವ್ಯಾಗ ಹೋದ ವಾರ ಬಕೀಟು ಬಿದ್ದೈತಿ. ಎರಡು ದಿನ ಕೊಡತೀಯೇನು?

ಮಂಜು: ಅಡವು ಏನಿಡತಿ ಮೊದಲ ಹೇಳು.

ಹುಸೇನಿ ಗ್ಯಾರೇಜ್: ಅವನ ಫೋನ್ ಇಡಿಸಿಕೋ. ಎರಡು ದಿನ ಫಾರ್ವರ್ಡ್ ಬರಂಗಿಲ್ಲ.