ಕಿರಾಣಿ ಅಂಗಡಿಯ ರ‍್ಯಾಕ್ ಮತ್ತು ಫಿಟ್ಟಿಂಗಿಗೆ ಎಷ್ಟು ದುಡ್ಡು ತೆಗೆದಿಡಬೇಕು? ಬಲ್ಲವರ ಉತ್ತರಗಳು

ಪ್ರಶ್ನೆ: ಧಾಯರಿ, ಪುಣೆ

ನಮಸ್ಕಾರ ಎಲ್ಲರಿಗೂ. ಧಾಯರಿಯಲ್ಲಿ 10 ಅಡಿ ಅಗಲ, 20 ಅಡಿ ಉದ್ದದ ಗಾಳಾ (ಅಂಗಡಿ ಕೋಣೆ) ಬಾಡಿಗೆಗೆ ಹಿಡಿದು ಕಿರಾಣಿ ಅಂಗಡಿ ತೆಗೆಯುವುದಿದೆ. ಮೂರೂ ಗೋಡೆಗುಂಟ ಸ್ಟೀಲ್ ರ‍್ಯಾಕ್ ಬೇಕು: ಮೂರಡಿಯ 12 ಖಣ (ಎರಡು ಕಂಬಗಳ ನಡುವಿನ ಭಾಗ), 7 ಅಡಿ ಎತ್ತರ, ಖಣಕ್ಕೆ 5 ಶೆಲ್ಫ್. ಒಬ್ಬರು 96,000 ರೂಪಾಯಿಗೆ ಕೊಟೇಶನ್ ಕೊಟ್ಟಿದ್ದಾರೆ, ಇನ್ನೊಬ್ಬರು 1,28,000ಕ್ಕೆ. ಫೋಟೋದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಯಾವುದು ಸರಿ? ಫಿಟ್ಟಿಂಗಿಗೆ ಬೇರೆ ದುಡ್ಡು ಇಟ್ಟುಕೊಳ್ಳಬೇಕೇ? ನಡುವೆ ಇನ್ನೊಂದು ಸಾಲು ಹಾಕಬಹುದೇ?

ಹಡಪ್ಸರ್, ಕಿರಾಣಿ ವ್ಯಾಪಾರಸ್ಥರು

ದರದ ಮಾತು ಆಮೇಲೆ ರೀ. ಮೊದಲು 12 ಖಣ ಕೂಡ್ರುತ್ತವೆಯೇ ನೋಡಿ. ನನ್ನ ಲೆಕ್ಕಕ್ಕೆ ಕೂಡ್ರುವುದಿಲ್ಲ.

ಉದ್ದದ ಗೋಡೆ 240 ಇಂಚು. ಹಿಂದಿನ ಗೋಡೆಗೂ ರ‍್ಯಾಕ್ ಇಟ್ಟರೆ ಅದರ ಬುಡ 18 ಇಂಚು ಮುಂದೆ ಬರುತ್ತದೆ. ಅಷ್ಟು ಜಾಗದಲ್ಲಿ ಪಕ್ಕದ ಗೋಡೆಯ ರ‍್ಯಾಕ್ ಮುಚ್ಚಿಹೋಗುತ್ತದೆ, ಕೈ ಹಾಕಲು ಆಗುವುದಿಲ್ಲ. ಶಟರ್ ಪಟ್ಟಿಯ ಹತ್ತಿರ ಒಂದಡಿ ಬಿಡಬೇಕು. ಉಳಿದದ್ದು 210 ಇಂಚು. ಕಂಬದ ದಪ್ಪ ಹಿಡಿದು ಒಂದು ಖಣಕ್ಕೆ ಸುಮಾರು 37 ಇಂಚು, ಹೀಗಾಗಿ ಐದೇ ಖಣ. ಎದುರಿನ ಗೋಡೆಗೆ ನಾಲ್ಕೂವರೆ ಅಡಿ ಗಲ್ಲಾ ಬಂದರೆ ನಾಲ್ಕು ಖಣ. ಹಿಂದೆ ಎರಡು. ಒಟ್ಟು 11. ಐದು ಖಣದ ಸಾಲಿನಲ್ಲಿ ಎರಡಡಿ ಮಿಗುತ್ತದೆ. ಅದಕ್ಕಾಗಿ ವಿಶೇಷ ಅಳತೆಯ ಖಣ ಮಾಡಿಸಬೇಡಿ, 25 ಕೆ.ಜಿ. ಅಕ್ಕಿ ಚೀಲದ ಸ್ಟ್ಯಾಂಡ್ ಅಲ್ಲಿಗೆ ಹೇಳಿ ಮಾಡಿಸಿದ ಹಾಗೆ ಕೂಡ್ರುತ್ತದೆ.

ನಡುವಿನ ಸಾಲು ಬೇಡವೇ ಬೇಡ. ಅಗಲ 120 ಇಂಚು, ಎರಡೂ ಕಡೆಯ ಬುಡಕ್ಕೆ 36 ಹೋದರೆ 84. ಎರಡು ಮುಖದ ರ‍್ಯಾಕ್ ಮತ್ತೆ 36 ತಿಂದರೆ ಎಡಕ್ಕೆ 24, ಬಲಕ್ಕೆ 24. ಚೀಲ ಹಿಡಿದ ಗಿರಾಕಿ ತಿರುಗಲಾರ, ಬಗ್ಗಲಾರ. ಓಡಾಡಲು ಕನಿಷ್ಠ ಮೂರಡಿ ಇರಬೇಕು.

ಅಳತೆ ತೆಗೆಯುವಾಗ ನೆಲದ ಹತ್ತಿರ, ಸೊಂಟದ ಎತ್ತರದಲ್ಲಿ, ಮೇಲೆ ಹೀಗೆ ಮೂರು ಕಡೆ ಟೇಪ್ ಹಿಡಿದು ಅತಿ ಕಡಿಮೆ ಬಂದದ್ದನ್ನೇ ಬರೆದುಕೊಳ್ಳಿ. ಪಿಲ್ಲರ್ ಎಷ್ಟು ಹೊರಬಂದಿದೆ, ಗೋಡೆ ಬುಡದ ಸ್ಕರ್ಟಿಂಗ್ ಎಷ್ಟು ದಪ್ಪ, ಮೀಟರ್ ಬಾಕ್ಸ್, ಮೇನ್ ಸ್ವಿಚ್, ಫ್ರಿಜ್ಜಿನ ಸಾಕೆಟ್ ಎಲ್ಲಿವೆ, ಎಲ್ಲವೂ ಆ ಚಿತ್ರದಲ್ಲಿ ಇರಲಿ. ಮೇನ್ ಸ್ವಿಚ್ ರ‍್ಯಾಕಿನ ಹಿಂದೆ ಹೋಗಲೇಬಾರದು.

ಭೋಸರಿ, ರ‍್ಯಾಕ್ ತಯಾರಿಸುವ ವರ್ಕ್‌ಶಾಪಿನವರು

ಮೇಲಿನವರ ಲೆಕ್ಕ ಸರಿಯಿದೆ, 11 ಖಣವೆಂದೇ ಹಿಡಿಯೋಣ. ಒಂದು ಸಾಲಿನ ಮೊದಲ ಖಣಕ್ಕೆ ಎರಡು ಕಂಬ ಬೇಕು, ಮುಂದಿನ ಪ್ರತಿ ಖಣ ಪಕ್ಕದ ಕಂಬವನ್ನೇ ಹಂಚಿಕೊಳ್ಳುತ್ತದೆ. ಹಾಗಾಗಿ 6, 5, 3 ಸೇರಿ 14 ಕಂಬ. ಬಿಡಿಬಿಡಿ ರ‍್ಯಾಕ್ ಎಂದು ಲೆಕ್ಕ ಹಾಕಿದವರು 22 ಕಂಬದ ದುಡ್ಡು ಕೇಳುತ್ತಾರೆ. ಬುಡದ ಶೆಲ್ಫ್ 11, ಮೇಲಿನವು 44, ಅವನ್ನು ಹೊರುವ ಬ್ರಾಕೆಟ್ 88. ಈ ಸಂಖ್ಯೆಗಳು ಕೊಟೇಶನ್ನಿನಲ್ಲಿ ಬರಬೇಕು. ‘12 ಖಣ, ಇಷ್ಟು ರೂಪಾಯಿ’ ಎಂದಷ್ಟೇ ಬರೆದ ಕಾಗದದಿಂದ ಏನೂ ತಿಳಿಯುವುದಿಲ್ಲ.

ಇನ್ನು ಎರಡು ಕೊಟೇಶನ್ನುಗಳ ನಡುವಿನ 32,000ದ ವಿಷಯ. 96,000ದಲ್ಲಿ ಜಿ.ಎಸ್.ಟಿ. ಸೇರಿದೆಯೇ ಕೇಳಿ. ಸ್ಟೀಲ್ ರ‍್ಯಾಕಿಗೆ 18 ಪ್ರತಿಶತ. ಸೇರಿಲ್ಲದಿದ್ದರೆ ಅದು 1,13,280 ಆಯಿತು, ಇನ್ನೊಂದರಲ್ಲಿ ಸೇರಿದ್ದರೆ ವ್ಯತ್ಯಾಸ 14,720ಕ್ಕೆ ಇಳಿಯಿತು. ಟೆಂಪೋ, ಹಮಾಲಿ, ಫಿಟ್ಟಿಂಗ್, ಸಾಲಿನ ಕೊನೆಯ ಸೈಡ್ ಪ್ಯಾನೆಲ್, ಶೆಲ್ಫಿನ ಮುಂದಿನ ಬೆಲೆ ಪಟ್ಟಿ ಇವೆಲ್ಲ ಯಾರ ದರದಲ್ಲಿ ಇವೆ, ಯಾರದರಲ್ಲಿ ಇಲ್ಲ ಎಂದು ನೋಡಿದರೆ ಅಗ್ಗದ್ದು ಅಗ್ಗವಾಗಿ ಉಳಿಯದೇ ಇರಬಹುದು.

ಇಷ್ಟಾದ ಮೇಲೂ ವ್ಯತ್ಯಾಸ ಉಳಿದರೆ ಅದು ಪತ್ರಾದ (ತಗಡಿನ) ದಪ್ಪದಲ್ಲಿದೆ. ಗೇಜ್ ಎಂಬುದನ್ನು ಬಾಯಿಮಾತಿಗೆ ನಂಬಬೇಡಿ, ಮಿಲಿಮೀಟರಿನಲ್ಲಿ ಬರೆಸಿಕೊಳ್ಳಿ. ಪರೀಕ್ಷೆಗೆ ನಿಮ್ಮ ಅಂಗಡಿಯ ತಕ್ಕಡಿಯೇ ಸಾಕು. 1 ಮಿ.ಮೀ. ದಪ್ಪದ ಒಂದು ಚದರ ಮೀಟರ್ ಉಕ್ಕಿನ ಪತ್ರಾ 7.85 ಕೆ.ಜಿ. ತೂಗುತ್ತದೆ. 36×15 ಇಂಚಿನ ಶೆಲ್ಫಿಗೆ ಸುತ್ತಲ ಮಡಿಕೆ ಸೇರಿ ಸುಮಾರು 0.46 ಚದರ ಮೀಟರ್ ಪತ್ರಾ ಹೋಗುತ್ತದೆ. 0.8 ಮಿ.ಮೀ. ಆದರೆ ತೂಕ 2.9 ಕೆ.ಜಿ. ಹತ್ತಿರ, 0.6 ಆದರೆ 2.2ರ ಹತ್ತಿರ. ಅಡಿಯಲ್ಲಿ ಬೆಸುಗೆ ಹಾಕಿದ ಪಟ್ಟಿ ಇದ್ದರೆ ಇನ್ನಷ್ಟು ಹೆಚ್ಚು. 0.8 ಎಂದು ಬಿಲ್ ಹಾಕಿದ ಶೆಲ್ಫ್ ಎರಡೂಕಾಲು ಕೆ.ಜಿ. ತೂಗಿದರೆ ವಾಪಸ್ ಕಳಿಸಿ.

ಈ ಅಳತೆಯ ಶೆಲ್ಫಿನ ಮೇಲೆ ಒಂದು ಲೀಟರಿನ ಎಣ್ಣೆ ಬಾಟಲಿ 44ರಷ್ಟು ನಿಲ್ಲುತ್ತವೆ, ಅಂದರೆ 40 ಕೆ.ಜಿ. ಸಕ್ಕರೆ ಪೊಟ್ಟಣ ಎರಡು ಸುತ್ತು ಪೇರಿಸಿದರೆ 80 ದಾಟುತ್ತದೆ. ಆರ್ಡರ್ ಕೊಡುವ ಮುಂಚೆ ಸ್ಯಾಂಪಲ್ ಶೆಲ್ಫಿನ ಮೇಲೆ ಅಷ್ಟೇ ಭಾರ ಇಡಿ, ಮುಂಭಾಗದ ಅಂಚಿಗೆ ಈ ತುದಿಯಿಂದ ಆ ತುದಿಗೆ ದಾರ ಎಳೆದು ನಡುವೆ ಎಷ್ಟು ಬಾಗಿದೆ ನೋಡಿ. 4–5 ಮಿ.ಮೀ. ಮೀರಿದರೆ, ಅಥವಾ ಭಾರ ತೆಗೆದ ಮೇಲೂ ನೆಟ್ಟಗಾಗದಿದ್ದರೆ, ಬೇಡ ಎನ್ನಿ.

ಉಳಿತಾಯ ಮಾಡಲೇಬೇಕಾದರೆ ಮೇಲಿನ ಎರಡು ಶೆಲ್ಫುಗಳಲ್ಲಿ ಮಾಡಿ. ಅಲ್ಲಿ ಚಿಪ್ಸ್, ಶ್ಯಾವಿಗೆ, ಟಿಶ್ಯೂ ಇರುವುದು. 12 ಇಂಚಿನ ತೆಳು ಶೆಲ್ಫ್ ಸಾಕು. ಕಂಬ, ಬ್ರಾಕೆಟ್, ಕೆಳಗಿನ ಮೂರು ಶೆಲ್ಫುಗಳಲ್ಲಿ ಒಂದು ಪೈಸೆಯನ್ನೂ ಉಳಿಸಬೇಡಿ.

ಪ್ರಶ್ನೆ ಕೇಳಿದವರು

ಬಹಳ ಉಪಕಾರವಾಯಿತು. ಒಂದು ಮಾತು ಬಿಟ್ಟಿದ್ದೆ: ಗೋಡೆ ಸಿಪೊರೆಕ್ಸ್ ಬ್ಲಾಕಿನದು. ಮಾಲೀಕರು ‘ಗೋಡೆಗೆ ತೂತು ಹೊಡೆಯಬಾರದು’ ಎನ್ನುತ್ತಿದ್ದಾರೆ.

ಡೊಂಬಿವಲಿ, ಫಿಟ್ಟಿಂಗ್ ಕಾಂಟ್ರಾಕ್ಟರ್

ಇದನ್ನು ಮೊದಲೇ ಹೇಳಬೇಕಿತ್ತು ಮಾರಾಯ್ರೆ, ಫಿಟ್ಟಿಂಗಿನ ಖರ್ಚು ನಿಂತಿರುವುದೇ ಇದರ ಮೇಲೆ.

ಗೋಡೆಗೆ ಕಟ್ಟದೆ ನಿಲ್ಲಿಸುವ ರ‍್ಯಾಕಿನ ಎತ್ತರ ಬುಡದ ಆಳದ ನಾಲ್ಕು ಪಟ್ಟು ಮೀರಬಾರದು. 84 ಇಂಚು ಎತ್ತರಕ್ಕೆ 18 ಇಂಚಿನ ಬುಡ ಸಾಲುವುದಿಲ್ಲ. ಮೇಲಿನ ಶೆಲ್ಫಿಗೆ ಯಾರಾದರೂ ಜೋತುಬಿದ್ದರೆ ರ‍್ಯಾಕ್ ಮುಂದಕ್ಕೆ ಬರುತ್ತದೆ. ನಿಮ್ಮ ಮುಂದೆ ಮೂರು ದಾರಿ. ಒಂದು, ಎತ್ತರವನ್ನು 72 ಇಂಚಿಗೆ ಇಳಿಸುವುದು. ಎರಡು, ಎದುರುಬದುರಿನ ಸಾಲುಗಳ ಕಂಬಗಳನ್ನು ಮೇಲ್ತುದಿಯಲ್ಲಿ ಚೌಕ ಪೈಪಿನಿಂದ ಒಂದಕ್ಕೊಂದು ಬಿಗಿಯುವುದು. ಎದುರಿನ ಸಾಲಿರುವಷ್ಟು ಉದ್ದಕ್ಕೆ ಇದು ನಡೆಯುತ್ತದೆ, ಪೈಪ್ 7 ಅಡಿ ಮೇಲಿರುವುದರಿಂದ ತಲೆಗೆ ತಾಗುವುದಿಲ್ಲ. ಹಿಂದಿನ ಎರಡು ಖಣವನ್ನು ಪಕ್ಕದ ಸಾಲುಗಳಿಗೇ ಪಟ್ಟಿ ಕೊಟ್ಟು ಬಿಗಿಯಿರಿ, ಗಲ್ಲಾದ ಎದುರಿಗೆ ಬರುವ ಖಣಕ್ಕೆ ಎರಡು ಕಂಬಗಳೂ ಪಕ್ಕದವಕ್ಕೆ ಬಿಗಿಯಾಗಿ ಸೇರಿರಬೇಕು. ಮೂರು, ಮಾಲೀಕರಿಂದ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯುವುದು. ಲೀವ್ ಅಂಡ್ ಲೈಸೆನ್ಸ್ (ಬಾಡಿಗೆ) ಕರಾರು ಇನ್ನೂ ರಿಜಿಸ್ಟರ್ ಆಗಿಲ್ಲದಿದ್ದರೆ ‘ಖಾಲಿ ಮಾಡುವಾಗ ತೂತು ಮುಚ್ಚಿ ಬಣ್ಣ ಹೊಡೆದು ಕೊಡುತ್ತೇವೆ’ ಎಂಬ ಒಂದು ಸಾಲು ಅದರಲ್ಲೇ ಸೇರಿಸಿ. ಹೆಚ್ಚಿನ ಮಾಲೀಕರು ಇಷ್ಟಕ್ಕೆ ಒಪ್ಪುತ್ತಾರೆ. ನನ್ನ ಮಟ್ಟಿಗೆ ಮೂರನೆಯದೇ ಉತ್ತಮ.

ಒಪ್ಪಿದರೆ ಆ ಗೋಡೆಗೆ ಮಾಮೂಲಿ ಆಂಕರ್ ಫಾಸ್ಟನರ್ ಹಾಕಿಸಬೇಡಿ. ಅದು ಅಗಲವಾಗುತ್ತಾ ಹಿಡಿಯುವ ಬೋಲ್ಟ್, ಕಾಂಕ್ರೀಟಿಗೆ ಸರಿ. ಸಿಪೊರೆಕ್ಸ್ ಒಳಗೆ ಗಾಳಿಗುಳ್ಳೆ ತುಂಬಿದ ಮೃದು ಬ್ಲಾಕ್. ಬಿಗಿದಷ್ಟೂ ಒಳಗೆ ಪುಡಿಯಾಗಿ ಬೋಲ್ಟ್ ಸಡಿಲವಾಗುತ್ತದೆ. ಉದ್ದನೆಯ ನೈಲಾನ್ ಪ್ಲಗ್ ಅಥವಾ ಅಂಟಿನಿಂದ ಹಿಡಿಯುವ ಕೆಮಿಕಲ್ ಆಂಕರ್ ಬೇಕು. ಡ್ರಿಲ್ಲಿನ ಹ್ಯಾಮರ್ ಆಫ್ ಮಾಡಿ ಬರೇ ತಿರುಗಿಸಿ ತೂತು ಮಾಡಬೇಕು, ಇಲ್ಲದಿದ್ದರೆ ತೂತೇ ದೊಡ್ಡದಾಗುತ್ತದೆ. ಆರ್.ಸಿ.ಸಿ. ಪಿಲ್ಲರ್ ಎಲ್ಲಿ ಸಿಗುತ್ತದೋ ಅಲ್ಲಿ ಮಾತ್ರ ಮಾಮೂಲಿ ಫಾಸ್ಟನರ್ ಹಾಕಬಹುದು.

ಫಿಟ್ಟಿಂಗ್ ಮೂಲೆಯಿಂದ ಶುರುವಾಗಬೇಕು. ಗಾಳಾದ ನೆಲ ಸಾಮಾನ್ಯವಾಗಿ ಶಟರ್ ಕಡೆಗೆ ಇಳಿಜಾರು, ಆದ್ದರಿಂದ ಪ್ರತಿ ಕಂಬಕ್ಕೂ ತಿರುಗಿಸಿ ಎತ್ತರ ಹೊಂದಿಸುವ ಬುಷ್ ಇದೆಯೇ ನೋಡಿಕೊಳ್ಳಿ. ಮೊದಲ ಎರಡು ಕಂಬವನ್ನು ಲೆವೆಲ್ ಹಿಡಿದು ನಿಲ್ಲಿಸಿ, ಬುಡ ಕೂಡಿಸಿ, ಕರ್ಣದ ಅಳತೆ ಎರಡೂ ಕಡೆ ಒಂದೇ ಬಂದ ಮೇಲೆಯೇ ಮುಂದಿನ ಕಂಬ. ಮೊದಲ ಖಣ ಅರ್ಧ ಇಂಚು ವಾಲಿದರೂ ಐದನೆಯ ಖಣದಲ್ಲಿ ಶೆಲ್ಫ್ ಕೊಂಡಿಗೆ ಕೂರುವುದಿಲ್ಲ. ಆಮೇಲೆ ಬೆನ್ನಿನ ಪ್ಯಾನೆಲ್, ಕೊನೆಗೆ ಬ್ರಾಕೆಟ್. ಬ್ರಾಕೆಟ್ಟನ್ನು ರಬ್ಬರ್ ಸುತ್ತಿಗೆಯಿಂದ ತಟ್ಟಿ ಪೂರಾ ಕೆಳಗೆ ಇಳಿಸಬೇಕು. ನಾನು ಕಂಡಂತೆ ಶೆಲ್ಫ್ ಕುಸಿಯಲು ಮುಖ್ಯ ಕಾರಣ ಅರ್ಧ ಸಿಕ್ಕಿಕೊಂಡ ಬ್ರಾಕೆಟ್. ಸಾಮಾನು ತುಂಬುವುದು ಯಾವಾಗಲೂ ಕೆಳಗಿನಿಂದ ಮೇಲಕ್ಕೆ.

ಟೈಲ್ಸನ್ನು ನಾಣ್ಯದಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಕಡೆ ಕಂಬ ಬರುವುದಾದರೆ ಅಡಿಗೆ 4 ಇಂಚಿನ ಉಕ್ಕಿನ ಪ್ಲೇಟ್ ಕೊಡಿ. ನಡುವಿನ ಕಂಬ 250 ಕೆ.ಜಿ.ಯಷ್ಟು ಹೊರುತ್ತದೆ.

ಮಡಗಾಂವ್, ಹಾರ್ಡ್‌ವೇರ್ ಅಂಗಡಿಯವರು

ಗೋವಾದಲ್ಲಿ ಅಂಗಡಿ ಮಾಡುವವರಿಗಾಗಿ ಸ್ವಲ್ಪ ಸೇರಿಸುತ್ತೇನೆ. ಇಲ್ಲಿನ ಹಳೆಯ ಗೋಡೆಗಳು ಕೆಂಪು ಮುರಕಲ್ಲಿನವು, ಒಳಗೆ ರಂಧ್ರ ರಂಧ್ರ. ಫಾಸ್ಟನರ್ ಒಂದು ಕಡೆ ಹಿಡಿದರೆ ಪಕ್ಕದಲ್ಲೇ ಪೊಳ್ಳು ಸಿಗುತ್ತದೆ. ಕಂಬಕ್ಕೊಂದು ಬೋಲ್ಟ್ ನಂಬುವ ಬದಲು ಗೋಡೆಗುಂಟ ಒಂದು ಅಡ್ಡ ಆಂಗಲ್ ಕೂಡಿಸಿ, ಗಟ್ಟಿ ಸಿಕ್ಕ ಜಾಗಗಳಲ್ಲೆಲ್ಲ ಅದನ್ನು ಬಿಗಿದು, ಕಂಬಗಳನ್ನು ಆ ಆಂಗಲ್ಲಿಗೆ ಕಟ್ಟಿ.

ತುಕ್ಕು ಮೊದಲು ಹಿಡಿಯುವುದು ಕಂಬದ ಕಾಲಿಗೆ ಮತ್ತು ಕೊಯ್ದ ಅಂಚಿಗೆ. ದಿನಾ ನೆಲ ಒರೆಸುವ ಫಿನೈಲ್ ನೀರು ಕಾಲಿನ ಸುತ್ತ ನಿಲ್ಲುತ್ತದೆ, ಉಪ್ಪುಗಾಳಿ ಅದಕ್ಕೆ ಸೇರುತ್ತದೆ. ಕಂಬದ ಕಾಲಿಗೆ ನೈಲಾನ್ ಬೂಟು ಕಡ್ಡಾಯವಾಗಿ ಹಾಕಿಸಿ. ಫಿಟ್ಟಿಂಗಿನಲ್ಲಿ ಎಲ್ಲಿ ಕೊಯ್ದರೂ ಅದೇ ದಿನ ಜಿಂಕ್ ಪ್ರೈಮರ್ ಹಚ್ಚಿಸಿ. ಗಲ್ಲಾಕ್ಕೆ ಪಾರ್ಟಿಕಲ್ ಬೋರ್ಡ್ ಬೇಡ, ಮಳೆಗಾಲದಲ್ಲಿ ಉಬ್ಬುತ್ತದೆ. ಐ.ಎಸ್. 710 ಗುರುತಿನ (ಮರೀನ್) ಪ್ಲೈ ತೆಗೆದುಕೊಳ್ಳಿ. 303 ಗುರುತಿನ ಎಂ.ಆರ್. (ತೇವ ಮಾತ್ರ ತಡೆಯುವ) ಪ್ಲೈ ನೆಲಕ್ಕೆ ತಾಗುವ ಕಡೆ ನಡೆಯುವುದಿಲ್ಲ.

ಬುಡದ ಶೆಲ್ಫ್ ನೆಲದಿಂದ 6 ಇಂಚು ಮೇಲಿರಲಿ. ಅಲ್ಲಿಂದ ಅಂತರ 16, 16, 14, 14 ಇಂಚು ಇಟ್ಟರೆ ಮೇಲಿನ ಶೆಲ್ಫಿನ ಮೇಲೆ 18 ಇಂಚು ಉಳಿದು 84ಕ್ಕೆ ಲೆಕ್ಕ ಸರಿಹೋಗುತ್ತದೆ. ಒಂದು ಲೀಟರಿನ ಬಾಟಲಿ 14ರಲ್ಲಿ ನಿಲ್ಲುತ್ತದೆ.

ಚಿಂಚವಾಡ, ಲೆಕ್ಕಪತ್ರ ನೋಡುವವರು

ತೆರಿಗೆಯ ಬಗ್ಗೆ ಎರಡೇ ಮಾತು. ವಹಿವಾಟಿನ ಮೇಲೆ ಸಣ್ಣ ದರದ ತೆರಿಗೆ ಕಟ್ಟುವ ಕಾಂಪೊಸಿಶನ್‌ನಲ್ಲಿದ್ದರೆ ಆ 18 ಪ್ರತಿಶತ ವಾಪಸ್ ಸಿಗುವುದಿಲ್ಲ, ಅದನ್ನೂ ರ‍್ಯಾಕಿನ ಬೆಲೆಯೆಂದೇ ಹಿಡಿಯಿರಿ. ರೆಗ್ಯುಲರ್ ನೋಂದಣಿ ಇದ್ದರೆ ಇನ್‌ಪುಟ್ ಕ್ರೆಡಿಟ್ ಇದೆ, ಆದರೆ ತೆರಿಗೆಯಿಲ್ಲದ ಬಿಡಿ ಅಕ್ಕಿ ಬೇಳೆ ಮಾರಿದ ಪ್ರಮಾಣಕ್ಕೆ ಅದರಲ್ಲಿ ಕಡಿತವಾಗುತ್ತದೆ. ಬಿಲ್ ನಿಮ್ಮ ಜಿ.ಎಸ್.ಟಿ. ನಂಬರಿಗೇ ಆಗಿರಲಿ.

ಹಡಪ್ಸರ್, ಕಿರಾಣಿ ವ್ಯಾಪಾರಸ್ಥರು

ಸೆಕೆಂಡ್‌ಹ್ಯಾಂಡ್ ನೋಡುವ ಮನಸ್ಸಿದ್ದರೆ ಒಂದೇ ಕಡೆಯ ಪೂರಾ ಸೆಟ್ ತೆಗೆದುಕೊಳ್ಳಿ. ಒಬ್ಬರ ಕಂಬದ ಕಿಂಡಿಗೆ ಇನ್ನೊಬ್ಬರ ಬ್ರಾಕೆಟ್ ಕೂಡ್ರುವುದಿಲ್ಲ. ಕೂತ ಹಾಗೆ ಕಂಡರೂ ಒಳಗೆ ಆಡುತ್ತಿರುತ್ತದೆ. ಕಂಬಗಳನ್ನು ನೆಲಕ್ಕೆ ಮಲಗಿಸಿ ನೆಟ್ಟಗಿವೆಯೇ ನೋಡಿ.

ಡೊಂಬಿವಲಿ, ಫಿಟ್ಟಿಂಗ್ ಕಾಂಟ್ರಾಕ್ಟರ್

ಹಣ ಒಮ್ಮೆಲೇ ಕೊಡಬೇಡಿ. ಅರ್ಧ ಮುಂಗಡ, ಸಾಮಾನು ಇಳಿಸಿ ಎಣಿಸಿ ತೂಗಿ ನೋಡಿದ ಮೇಲೆ 40 ಪ್ರತಿಶತ, ಫಿಟ್ಟಿಂಗ್ ಮುಗಿದು ಶೆಲ್ಫ್ ತುಂಬಿದ ಮೇಲೆ ಉಳಿದ 10. ಒಟ್ಟು ಬಜೆಟ್ಟಿನ ಮೇಲೆ ಇನ್ನೊಂದು 10 ಪ್ರತಿಶತ ಕೈಯಲ್ಲಿರಲಿ: ಲೈಟು, ಪ್ಲೇಟು, ಪ್ಲಗ್ಗು ಎಂದು ಅದು ಹೋಗಿಯೇ ಹೋಗುತ್ತದೆ. ಆರ್ಡರಿನಲ್ಲೇ 4 ಬ್ರಾಕೆಟ್, 2 ಶೆಲ್ಫ್ ಹೆಚ್ಚಿಗೆ ಬರೆಸಿ. ಗಣಪತಿಯಿಂದ ದೀಪಾವಳಿವರೆಗೆ ವರ್ಕ್‌ಶಾಪುಗಳಲ್ಲಿ ಕೆಲಸ ತುಂಬಿರುತ್ತದೆ. ದಸರಾಕ್ಕೆ ಅಂಗಡಿ ತೆಗೆಯುವುದಾದರೆ ಆರ್ಡರ್ ಗಣಪತಿಗಿಂತ ಮುಂಚೆಯೇ ಹೋಗಬೇಕು.