ಕೋಡಿಬಾಗದ ಮನೆಯ ಬಾಡಿಗೆದಾರರು ಬೇರೆಯವರನ್ನು ಇರಿಸಿದ್ದಾರೆ; ಕರಾರಿನಲ್ಲಿ ಆ ಮಾತೇ ಇಲ್ಲ

ಪ್ರಶ್ನೆ (ಶಿರಸಿಯ ಮನೆ ಮಾಲೀಕ):
ನಾನು ಶಿರಸಿಯಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಮನೆಯನ್ನು, ಕೈಗಾದಲ್ಲಿ ಗುತ್ತಿಗೆ ಕೆಲಸದಲ್ಲಿದ್ದ ಎಂಜಿನಿಯರೊಬ್ಬರಿಗೆ ತಿಂಗಳಿಗೆ 9,000 ರೂಪಾಯಿಯಂತೆ 11 ತಿಂಗಳ ಕರಾರಿನ ಮೇಲೆ ಕೊಟ್ಟಿದ್ದೆ. ಎರಡು ತಿಂಗಳಿಂದ ಬಾಡಿಗೆ ಅಪರಿಚಿತರ ಖಾತೆಯಿಂದ ಬರುತ್ತಿತ್ತು. ವಿಚಾರಿಸಿದಾಗ, ತಮಗೆ ಬೇರೆ ರಾಜ್ಯದಲ್ಲಿ ಕೆಲಸವಾಗಿದೆಯೆಂದೂ, ಉಳಿದ ಅವಧಿಗೆ ಸಹೋದ್ಯೋಗಿಯ ಕುಟುಂಬವನ್ನು ಇರಿಸಿರುವುದಾಗಿಯೂ ತಿಳಿಸಿದರು. ಒಳಬಾಡಿಗೆಯ ಬಗ್ಗೆ ಕರಾರಿನಲ್ಲಿ ಒಂದು ಅಕ್ಷರವೂ ಇಲ್ಲ. ಬಂದವರು ಸಜ್ಜನರೇ ಇರಬಹುದು. ಆದರೆ ನನ್ನನ್ನು ಕೇಳದೆ ಹೀಗೆ ಮಾಡುವ ಹಕ್ಕು ಅವರಿಗಿದೆಯೇ? ಮುಂಗಡದ 50,000 ರೂಪಾಯಿಯನ್ನು ಯಾರಿಗೆ ಹಿಂತಿರುಗಿಸಬೇಕು?

ಉತ್ತರ 1 (ಕಾರವಾರದ ವಕೀಲ):
ನಿಮಗೆ ಹಿಡಿಸದ ಉತ್ತರವೇ ಆದರೂ ಹೇಳಬೇಕು: ಹಕ್ಕಿದೆ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 108ನೇ ಕಲಮಿನ (ಜೆ) ಖಂಡದ ಪ್ರಕಾರ, ಕರಾರಿನಲ್ಲಿ ನಿಷೇಧವಿಲ್ಲದಿದ್ದರೆ ಬಾಡಿಗೆದಾರನು ತನ್ನ ಹಕ್ಕನ್ನು ಪೂರ್ತಿಯಾಗಿ ವರ್ಗಾಯಿಸಬಹುದು, ಒಳಬಾಡಿಗೆಗೂ ಕೊಡಬಹುದು. ಕರಾರು ಮೌನವಾಗಿದ್ದರೆ ಅದರ ಲಾಭ ಬಾಡಿಗೆದಾರನಿಗೇ. ಆದರೆ ಅದೇ ಖಂಡವು, ವರ್ಗಾಯಿಸಿದ ಮಾತ್ರಕ್ಕೆ ಆತ ಹೊಣೆಯಿಂದ ಮುಕ್ತನಾಗುವುದಿಲ್ಲ ಎಂದೂ ಹೇಳುತ್ತದೆ. ಆದ್ದರಿಂದ ಬಾಡಿಗೆ ನಿಂತರೆ ಅಥವಾ ಮನೆ ಹಾಳಾದರೆ ನೀವು ಎಂಜಿನಿಯರರನ್ನೇ ಕೇಳಬಹುದು.

ಅವರು ಉಳಿದ ಅವಧಿಯಷ್ಟನ್ನೂ ಬಿಟ್ಟುಕೊಟ್ಟು ಹೋಗಿದ್ದರೆ ಅದು ಹಕ್ಕಿನ ವರ್ಗಾವಣೆ, ಬಂದವರು ನಿಮಗೆ ನೇರವಾಗಿ ಬಾಡಿಗೆಗೆ ಬಾಧ್ಯರು. ಒಂದೆರಡು ತಿಂಗಳ ಮಟ್ಟಿಗೆ ಕೊಟ್ಟು ಮರಳಿ ಬರುವುದಿದ್ದರೆ ಅದು ಒಳಬಾಡಿಗೆ, ಆಗ ನಿಮ್ಮ ವ್ಯವಹಾರ ಹಳಬರೊಡನೆ ಮಾತ್ರ. ಮುಂಗಡ ಕೊಟ್ಟವರಿಗೆ ಸೇರಬೇಕು. ಅವರು ಲಿಖಿತವಾಗಿ ಒಪ್ಪದೆ ಹೊಸಬರ ಕೈಗೆ ಕೊಡಬೇಡಿ.

ಉತ್ತರ 2 (ಕುಮಟಾ):
ಮಾಲೀಕರ ಲಿಖಿತ ಒಪ್ಪಿಗೆಯಿಲ್ಲದೆ ಒಳಬಾಡಿಗೆಗೆ ಕೊಟ್ಟರೆ ಮನೆ ಬಿಡಿಸಬಹುದೆಂದು 1999ರ ಕರ್ನಾಟಕ ಬಾಡಿಗೆ ಅಧಿನಿಯಮದಲ್ಲಿದೆಯಲ್ಲವೇ?

ಉತ್ತರ 1 ಬರೆದವರು:
ಇದೆ, 27ನೇ ಕಲಮಿನಲ್ಲಿ. ಆದರೆ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆ ರಾಜ್ಯದ ಯಾವ ಊರಿನಲ್ಲಿಯೂ ಆ ಕಾಯಿದೆಯ ವ್ಯಾಪ್ತಿಗೆ ಬರುವುದಿಲ್ಲ. ಹಾಗಾಗಿ ಇಲ್ಲಿ ಕರಾರೇ ಆಧಾರ. ಮುಂದಿನ ಕರಾರಿನಲ್ಲಿ "ಲಿಖಿತ ಒಪ್ಪಿಗೆಯಿಲ್ಲದೆ ಒಳಬಾಡಿಗೆಗೆ ಕೊಡತಕ್ಕದ್ದಲ್ಲ" ಎಂದಷ್ಟೇ ಬರೆದರೆ ಸಾಲದು. ಉಲ್ಲಂಘಿಸಿದರೆ ಮನೆಯನ್ನು ಮರಳಿ ವಶಕ್ಕೆ ಪಡೆಯಬಹುದೆಂಬ ಮಾತೂ ಇರಬೇಕು. ಅದಿಲ್ಲದಿದ್ದರೆ ಸ್ವತ್ತು ವರ್ಗಾವಣೆ ಅಧಿನಿಯಮದ 111ನೇ ಕಲಮಿನ (ಜಿ) ಖಂಡದಂತೆ ಬಾಡಿಗೆ ಹಕ್ಕು ರದ್ದಾಗುವುದಿಲ್ಲ. ಉಲ್ಲಂಘನೆ ತಿಳಿದ ಮೇಲೂ ಮಾಲೀಕರು ಬಾಡಿಗೆ ಪಡೆಯುತ್ತಾ ಹೋದರೆ ಅದೇ ಅಧಿನಿಯಮದ 112ನೇ ಕಲಮು ಅದನ್ನು ಮನ್ನಾ ಮಾಡಿದಂತೆ ಎಣಿಸುತ್ತದೆ. ಊರಿನಿಂದ ದೂರವಿರುವ ಮಾಲೀಕರು ಎಡವುವುದು ಸಾಮಾನ್ಯವಾಗಿ ಇಲ್ಲಿಯೇ.

ಉತ್ತರ 3 (ಅಂಕೋಲಾ):
ವಿದ್ಯುತ್ ಬಿಲ್ಲನ್ನೂ ನೋಡಿಕೊಳ್ಳಿ. ಮೊದಲಿನ ಬಾಡಿಗೆದಾರರು ಗೃಹಜ್ಯೋತಿಗೆ ತಮ್ಮ ಆಧಾರ್ ಜೋಡಿಸಿದ್ದರೆ, ಆ ಜೋಡಣೆಯನ್ನು ತೆಗೆಸಿದ ನಂತರವೇ ಹೊಸಬರು ನೋಂದಾಯಿಸಿಕೊಳ್ಳಲು ಸಾಧ್ಯ. ನಮ್ಮಲ್ಲಿ ಈ ಕೆಲಸಕ್ಕೆ ಹಳಬರನ್ನು ಹುಡುಕುವುದೇ ಕಷ್ಟವಾಗಿತ್ತು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಎಂಜಿನಿಯರರು ಮನೆ ಬಿಟ್ಟುಕೊಟ್ಟುದಕ್ಕೆ ಸಹಿ ಹಾಕಿದ ಪತ್ರ ಕಳುಹಿಸಲು ಒಪ್ಪಿದ್ದಾರೆ. ಬರುವ ಸೋಮವಾರ ದೇವಿಮನೆ ಘಟ್ಟ ಇಳಿದು ಬಂದು, ಹೊಸ ಕುಟುಂಬದ ಹೆಸರಿನಲ್ಲಿಯೇ ಬೇರೆ ಕರಾರು ಮಾಡಿಕೊಳ್ಳುತ್ತೇನೆ.